ಎರಡನೇ ಶನಿವಾರ, ಮೂರು ಗಂಟೆ

ಪೆನ್ಷನ್ ಮೊಹಲ್ಲಾದಲ್ಲಿ ಬಿತ್ತನೆ ಆಲೂಗಡ್ಡೆ ಅಂಗಡಿ,
ಅದರ ಮೇಲಿನ ಕೋಣೆ.
ಹದಿನೇಳು ಮೆಟ್ಟಿಲು, ಕಡಿದು, ಹಿಡಿಯಲು ಕಂಬಿಯಿಲ್ಲ.
ನಾವು ನೋಡಿಕೊಳ್ಳುವವರು ಯಾರೂ ಹತ್ತಲಾರರು.
ಅದಕ್ಕೇ ಇರಬೇಕು,
ಹತ್ತಿ ಕೂತ ಮೊದಲ ಐದು ನಿಮಿಷ
ಈ ಕೈಗಳನ್ನು ಎಲ್ಲಿಡಬೇಕೋ ತಿಳಿಯುವುದಿಲ್ಲ.

ಮೂವತ್ತೊಂದು ವರ್ಷ ಹಾಸನ–ಅರಸೀಕೆರೆ ರೂಟಿನ ಕಂಡಕ್ಟರು ನಾನು.
ಎಲ್ಲರನ್ನೂ ಒಳಗೆ ದಬ್ಬಿ, ಎಣಿಸಿ, ಇಳಿಸಿ,
ಚಿಲ್ಲರೆ ಇಲ್ಲದಾಗ ಟಿಕೆಟ್ಟಿನ ಹಿಂದೆ ಬಾಕಿ ಬರೆದುಕೊಟ್ಟವನು.
ಮೊದಲ ಸಲ ಬಂದಾಗ ಬಾಗಿಲಲ್ಲೇ ನಿಂತಿದ್ದೆ,
ಅಭ್ಯಾಸ.
'ಒಳಗೆ ಜಾಗ ಇದೆ, ಬನ್ನಿ' ಅಂದರು ದಾಕ್ಷಾಯಣಿ ಮೇಡಂ.
ಆ ಮಾತು ನನ್ನದು. ನನಗೆ ಯಾರೂ ಹೇಳಿರಲಿಲ್ಲ.

ಇಲ್ಲಿ 'ಹೇಗಿದಾರೆ?' ಅಂತ ಕೇಳುವುದಿಲ್ಲ.
'ರಾತ್ರಿ ಎಷ್ಟು ಸಲ ಎದ್ರಿ?' ಅಂತ ಕೇಳುತ್ತಾರೆ.
ನಾಲ್ಕು. ಏಳು. ಮಲಗಿದ್ದರೆ ತಾನೆ ಏಳೋದು.
ಎಪ್ಪತ್ತು ಕೆಜಿಯ ಮಗನನ್ನು ಒಬ್ಬಳೇ ಹೊರಳಿಸುವುದು ಹೇಗೆಂದು
ಮೆಹರುನ್ನೀಸಾ ಚಾಪೆಯ ಮೇಲೆ ದುಪ್ಪಟಿ ಹಾಸಿ,
ಹತ್ತೊಂಬತ್ತರ ಲೋಹಿತನನ್ನು ಮಲಗಿಸಿ ತೋರಿಸಿದಳು.
'ಎಳೀಬೇಡಿ. ಆಚೆ ಮಂಡಿ ಮಡಿಸಿ, ಮೈ ತಾನೇ ಬರುತ್ತೆ.'
ತೋರಿಸಿ ಮುಗಿಯುವಷ್ಟರಲ್ಲಿ
ಹುಡುಗನಿಗೆ ನಿದ್ದೆ ಹತ್ತಿತ್ತು.
ಎಬ್ಬಿಸಲಿಲ್ಲ. ಅವನ ಸುತ್ತಲೇ ಮಾತು ಮುಂದುವರಿಯಿತು, ದನಿ ತಗ್ಗಿಸಿ.

ಕಾಳಾಚಾರಿ ಜೇಬಿನಿಂದ ಒಂದು ಚಮಚ ತೆಗೆದ,
ಹಲಸಿನ ಮರದ ದಪ್ಪ ಹಿಡಿ ಕೂರಿಸಿದ್ದು,
ನನ್ನವಳ ಎಡಗೈಗೆ.
ಅಳತೆ ಕೊಟ್ಟಿರಲಿಲ್ಲ ನಾನು.
'ನನ್ನ ಹೆಂಡ್ರ ಕೈ ನೋಡಿ ಮಾಡ್ದೆ' ಅಂದ.
ಅವನ ಮನೆಯಲ್ಲಿರುವುದು ಅಣ್ಣ; ಯಾರಿಗೂ ಕೇಳದ ದನಿಗಳಿಗೆ
ಬೆಳಗಿನ ಜಾವದವರೆಗೆ ಉತ್ತರ ಕೊಡುವ ಅಣ್ಣ.

ಆಮೇಲೆ ಮೇಡಂ, ಮೂರು ತಲೆಮಾರಿಗೆ ಗಣಿತ ಕಲಿಸಿದವರು,
ಟೀ ಲೋಟದೊಳಗೆ ನೋಡುತ್ತಾ ಹೇಳಿದರು:
'ಬೆಳಿಗ್ಗೆ ಅತ್ತೆ ಕೋಣೆ ಹೊರಗೆ ನಿಂತು
ಉಸಿರಿನ ಸದ್ದು ಇದೆಯಾ ಅಂತ ಕಿವಿಗೊಡ್ತೀನಿ.
ಕೇಳಿಸಿದಾಗ,
ಒಂದೊಂದು ದಿನ,
ಸಂತೋಷ ಆಗಲ್ಲ.'

ಕೆಳಗೆ ಯಾರೋ ಮೂಟೆ ಎಳೆದರು, ನೆಲ ನಡುಗಿತು.
'ಬಿಡ್ತು ಅನ್ನಿ' ಅನ್ನಲಿಲ್ಲ ಯಾರೂ.
'ಪುಣ್ಯ ಬರುತ್ತೆ' ಅನ್ನಲಿಲ್ಲ.
ಕಾಳಾಚಾರಿ ಬನ್ನು ಮುರಿದು ಅರ್ಧ ಅವರ ಕಡೆ ಸರಿಸಿದ.

ನನ್ನ ಸರದಿಯಲ್ಲಿ ನಾನು ಹೇಳುವುದು ಯಾವಾಗಲೂ ಒಂದೇ.
ಸ್ಟ್ರೋಕ್ ಆದಮೇಲೆ ಜಯಶೀಲಳಿಗೆ ಉಳಿದಿರುವುದು ಒಂದೇ ಮಾತು.
ಅನ್ನಕ್ಕೂ ಅದೇ, ಬಿಸಿನೀರಿಗೂ ಅದೇ, ಫ್ಯಾನಿಗೂ, ದೇವರಿಗೂ:
ಸಾಕು.
'ತಟ್ಟೆ ಖಾಲಿ ಇದ್ದರೂ ಸಾಕು ಅಂತಾಳೆ.
ನಾನೇ ಸಾಕಾಗಿದೀನಿ ಅವಳಿಗೆ' ಅಂದೆ.

ಮೆಹರುನ್ನೀಸಾ ದುಪ್ಪಟಿಯ ಅಂಚನ್ನು
ಲೋಹಿತನ ಕಾಲಿಗೆ ಎಳೆಯುತ್ತಿದ್ದಳು.
ಆರನೇ ಕ್ಲಾಸಿನಲ್ಲಿ, ಬೈಸಿಕೊಂಡು, ಕನ್ನಡ ಕಲಿತವಳು.
'ಅದಕ್ಕೆ ಎರಡು ಅರ್ಥ ಅಲ್ವಾ ಅಣ್ಣ?
ಕೋಳಿ ಸಾಕು, ಮಗು ಸಾಕು ಅಂತಾರಲ್ಲ,
ಅದು?'

ಕನ್ನಡದಲ್ಲೇ ಹುಟ್ಟಿ, ಕನ್ನಡದಲ್ಲೇ ಟಿಕೆಟ್ ಹರಿದ ನಾನು
ಖಾಲಿ ಚೀಲದಲ್ಲಿ ಚಿಲ್ಲರೆ ತಡಕುವವನ ಹಾಗೆ
ಉತ್ತರ ತಡಕಿದೆ.
ಬಾಕಿ ಉಳಿಯಿತು.

ಐದಕ್ಕೆ ಇಳಿದೆವು. ಪಕ್ಕದ ಮನೆಯ ಗಿರಿಜಮ್ಮ
ಎರಡು ಗಂಟೆಯ ಮೇಲೆ ಕೂರುವುದಿಲ್ಲ, ಸೀರಿಯಲ್ ಇದೆ.
ಲೋಹಿತ ಕೆನ್ನೆಯಲ್ಲಿ ಚಾಪೆಯ ಗೆರೆ ಹೊತ್ತು
ಆಸ್ಪತ್ರೆ ಕಡೆ ಬೈಕ್ ತಿರುಗಿಸಿದ;
ಅಪ್ಪನ ಡಯಾಲಿಸಿಸ್ ಮುಗಿಯುವ ಹೊತ್ತು.

ಹೊಸ ಚಮಚ ಅವಳ ಎಡಗೈಗೆ ಕೊಟ್ಟೆ.
ಹಿಡಿದಳು.
ಗಂಜಿ ಅರ್ಧ ಸೆರಗಿಗೆ, ಅರ್ಧ ಬಾಯಿಗೆ.
ನನ್ನನ್ನೇ ನೋಡಿ 'ಸಾಕು' ಅಂದಳು.
ಯಾವುದು ಅಂತ ಕೇಳಲಿಲ್ಲ.
ಬಟ್ಟಲಲ್ಲಿ ಇನ್ನೂ ಇತ್ತು,
ಮತ್ತೊಮ್ಮೆ ತುಂಬಿಕೊಟ್ಟೆ.