ಶಾಲೆ ಬಿಟ್ಟ ಕಾರಣ

ಶತಮಾನೋತ್ಸವದ ಸಂಚಿಕೆಗೆ ಶಾಲೆಯ ಚರಿತ್ರೆ ಬೇಕಂತೆ,
ಎರಡು ಪುಟ, ಫೋಟೋ ಇದ್ದರೆ ಒಂದೂವರೆ.
ಬರೆಯೋರು ಯಾರು? ಅಕ್ಷರ ದುಂಡಗಿರೋರು.
ಹಾಗಾಗಿ ನಾನು.

ಬೀರು ತೆಗೆದರೆ ಹಲ್ಲಿಮೊಟ್ಟೆ, ಸುಣ್ಣದ ಪುಡಿ,
ರಟ್ಟು ಕಿತ್ತ ಐದು ದಾಖಲಾತಿ ಪುಸ್ತಕ.
ಮೊದಲನೆಯದರ ಶಾಯಿ ತುಕ್ಕಿನ ಬಣ್ಣಕ್ಕೆ ತಿರುಗಿದೆ.
ಹದಿನೆಂಟು ಹುಡುಗರು. ಹುಡುಗಿಯರ ಕಡೆ ಒಂದು ಅಡ್ಡಗೀಟು.
ಮೇಷ್ಟ್ರಿಗೆ ತಿಂಗಳಿಗೆ ಎಂಟು ರೂಪಾಯಿ,
ಜೊತೆಗೆ ಊರಿನಿಂದ ರಾಗಿ.
ಎಷ್ಟು ಸೇರು ಅಂತ ಬರೆದಿಲ್ಲ, ಕೊಟ್ಟಿರಲಿಕ್ಕಿಲ್ಲ.

ಆಗ ರಸ್ತೆ ಅಂದರೆ ಗಾಡಿಯ ಎರಡು ಜಾಡು, ನಡುವೆ ಗರಿಕೆ.
ಆಮೇಲೆ ಟಾರು ಬಂತು, ಟಾರಿಗೊಂದು ನಂಬರು ಬಂತು.
ಏಳು.
ಕಾಶಿಯಿಂದ ಕನ್ಯಾಕುಮಾರಿಗೆ ಹೋಗುವ ದಾರಿ
ಚಿಂತಮಾನುಪಲ್ಲಿ ಗೇಟಿನಲ್ಲಿ ಕೊಂಚ ಬಳುಕುತ್ತಿತ್ತು.
(ಊರ ಹೆಸರಲ್ಲಿ ಹುಣಸೆಮರ ಇನ್ನೂ ಇದೆ. ಊರಲ್ಲಿಲ್ಲ.)
ಆ ಬಳುಕಿನಲ್ಲೇ ಅರವತ್ತೊಂದರಲ್ಲಿ
ಕಡಲೆಕಾಯಿ ಲಾರಿಯೊಂದು ಕೂತುಹೋಯಿತು.
ಮುರಿದ ಸ್ಪ್ರಿಂಗ್ ಪಟ್ಟಿಯನ್ನು ಜವಾನ ಗಂಗುಲಪ್ಪ
ಹೆಗಲ ಮೇಲೆ ಹೊತ್ತು ತಂದು ಬೇವಿನ ಕೊಂಬೆಗೆ ಕಟ್ಟಿದ.
ನಮ್ಮ ಗಂಟೆ ಅದು.
ಮೂರು ತಲೆಮಾರು ಅದರ ಸದ್ದಿಗೆ ಚೀಲ ಕಟ್ಟಿವೆ.

ಪುಸ್ತಕದ ಕೊನೆಯ ಕಾಲಂ: ಶಾಲೆ ಬಿಟ್ಟ ಕಾರಣ.
ದನ ಕಾಯಲು.
ಸಿಡುಬು.
ಮದುವೆ.
ಒಬ್ಬನ ಮುಂದೆ, ‘ತಿಳಿಯದು. ಹುಡುಗ ಜಾಣ.’
ಮೂರನೇ ಪುಸ್ತಕದಲ್ಲಿ, ಅರವತ್ತನಾಲ್ಕರ ಒಂದೇ ತಾರೀಖಿಗೆ,
ರಸ್ತೆ ಕೆಲಸ.
ಅದರ ಕೆಳಗೆ, ಮೇಲಿನಂತೆ.
ಮೇಲಿನಂತೆ. ಮೇಲಿನಂತೆ.
ಒಂಬತ್ತು ಸಾಲು, ಒಂಬತ್ತೂ ಹುಡುಗಿಯರು.
ಕೊನೆಗೆ ಮೇಷ್ಟ್ರಿಗೂ ಬೇಜಾರಾಗಿರಬೇಕು,
ಬರೀ ಎರಡು ಚುಕ್ಕೆ ಇಟ್ಟಿದ್ದಾರೆ.

ಒಬ್ಬಳು ಇದ್ದಾಳೆ. ಪಾಪಕ್ಕ.
ಸರ್ವಿಸ್ ರಸ್ತೆಯ ಬದಿಗೆ ಗೋಣಿ ಹಾಸಿ ಸೀಬೆಹಣ್ಣು ಮಾರುತ್ತಾಳೆ.
ಕಾಗುಣಿತ ‘ಮ’ ತನಕ ಬಂದಿತ್ತಂತೆ,
ಯರಲವ ಆಮೇಲೆ ಕಲಿಯೋಣ ಅಂದುಕೊಂಡಿದ್ದಳಂತೆ.
ಶಾಲೆಯದು ಬೇರೇನೂ ನೆನಪಿಲ್ಲ.
ಜಲ್ಲಿ ಅಳೆಯುವ ಪೆಟ್ಟಿಗೆ ನೆನಪಿದೆ: ತುಂಬಿದರೆ ನಾಲ್ಕಾಣೆ,
ತುಂಬಿದ ಮೇಲೆ ಮೇಸ್ತ್ರಿ ಕಾಲಲ್ಲಿ ಅದುಮಿ ‘ಇನ್ನೂ’ ಅನ್ನುತ್ತಿದ್ದದ್ದು.
“ಆ ರಾಳ್ಳು ನೇನು ಕೊಟ್ಟಿನವೇ,” ಅಂದಳು
ರಸ್ತೆಯ ಕಡೆ ಗಲ್ಲ ಎತ್ತಿ.
ಒಡೆದ ಕಲ್ಲು ಈಗ ಮೂರು ಪದರ ಕೆಳಗಿದೆ.
ಅವಳಿಗೆ ಕಾಣುತ್ತದೆ.

ನಾಲ್ಕು ಪಥ ಬಂದಾಗ ಗೋಡೆಗೆ ಕೆಂಪು ಬಾಣ ಬರೆದರು.
ಸರ್ವೆಯವರು ಕೂರಲು ನಮ್ಮದೇ ಕುರ್ಚಿ ಕೇಳಿದರು, ಕೊಟ್ಟೆವು.
ನಾಲ್ಕನೇ ತರಗತಿ ಪೂರ್ತಿ ಹೋಯಿತು,
ಐದನೆಯದು ಕರಿಹಲಗೆಯ ತನಕ.
ಉಳಿದರ್ಧ ಕೋಣೆ ಒಂದು ವರ್ಷ ಹಾಗೇ ನಿಂತಿತ್ತು,
ಗೋಡೆ ಮೇಲಿನ ಪ್ರಪಂಚದ ಭೂಪಟ
ಅನಂತಪುರದ ಬಸ್ಸಿನವರಿಗೆಲ್ಲ ಕಾಣುತ್ತ.

ಅಷ್ಟರಲ್ಲಿ ನಂಬರೂ ಬದಲಾಯಿತು. ನಲವತ್ತನಾಲ್ಕು.
ಸಾಮಾನ್ಯ ಜ್ಞಾನದ ಪರೀಕ್ಷೆಯಲ್ಲಿ
ಏಳು ಅಂತ ಬರೆದವರಿಗೆಲ್ಲ ಆ ಸಲ ಸೊನ್ನೆ ಹಾಕಿದೆ.
ಏಳು ಅಂತ ಕಲಿಸಿದವಳೂ ನಾನೇ.

ಹೊಸ ಶಾಲೆ ಆಚೆ ಬದಿ, ಅಂಡರ್‌ಪಾಸ್ ದಾಟಿ.
ಮಳೆ ಬಂದರೆ ಅಲ್ಲಿ ಮೊಣಕಾಲುದ್ದ ನೀರು, ನಮಗೆ ರಜೆ.
ಇಲ್ಲದ ದಿನ ಮಕ್ಕಳು ಅದರೊಳಗೆ ನಿಂತು
ತಮ್ಮ ಹೆಸರು ತಾವೇ ಕೂಗುತ್ತಾರೆ,
ಹೆಸರು ಎರಡು ಸಲ ವಾಪಸು ಬರುತ್ತದೆ,
ತಲೆ ಮೇಲೆ ಲಾರಿ ಹೋಗುತ್ತಿದ್ದರೆ ಒಂದೇ ಸಲ.
ಗಂಟೆ ಕರೆಂಟಿನದು.
ಕರೆಂಟು ಹೋದಾಗ ಕಿಟಕಿಯ ಸರಳಿಗೆ ನೇತುಹಾಕಿದ ಪಟ್ಟಿಯೇ.

ಬರೆದು ಮುಗಿಸಿದೆ.
ಸಾಧಕರ ಪಟ್ಟಿ ಕಡ್ಡಾಯ ಅಂದಿದ್ದರು:
ಒಬ್ಬ ತಹಶೀಲ್ದಾರ್, ಇಬ್ಬರು ಡಾಕ್ಟರು,
ಕ್ವಾರಿಯ ಶಿವಾರೆಡ್ಡಿ (ಸಂಚಿಕೆಯ ಖರ್ಚು ಅವರದೇ).
ಅದರ ಕೆಳಗೆ ಪುಸ್ತಕ ನೋಡಿ ಒಂಬತ್ತು ಹೆಸರು ಬರೆದೆ,
ಎದುರಿಗೆ: ಮೈಲಿ ಐವತ್ತಾರರಿಂದ ಐವತ್ತೆಂಟರವರೆಗಿನ ರಸ್ತೆ.
‘ಮೇಲಿನಂತೆ’ ಹಾಕಲಿಲ್ಲ,
ಒಂಬತ್ತು ಸಲವೂ ಪೂರ್ತಿ ಬರೆದೆ.

ನಿನ್ನೆ ಪ್ರೆಸ್ಸಿನಿಂದ ಫೋನು. ಜಾಗ ಸಾಲದು ಮೇಡಂ,
ಎಂಟು ಸಾಲು ಜಾಸ್ತಿ ಆಗಿದೆ, ಏನು ತೆಗೆಯಲಿ?
ಫೋಟೋ ತೆಗೀರಿ, ಅಂದೆ.
ಫೋಟೋದಲ್ಲಿ ನಾನೂ ಇದ್ದೆ,
ಎರಡನೇ ಸಾಲು, ಬಲತುದಿ, ಹೊಸ ಸೀರೆ.