ಒಂದು ಚುಕ್ಕಿ ಕಡಿಮೆ

ಸನದು ಕಾಗದದ್ದಲ್ಲ.
ಗಡಿಯಾಚೆ ಕಾಗದ ಬಾಳುವುದಿಲ್ಲ ಅಂತ
ಸಾಮ್ರಾಜ್ಯದ ಮೊದಲ ಗುಮಾಸ್ತನೇ ಬರೆದಿಟ್ಟಿದ್ದಾನೆ,
ಕಾಗದದ ಮೇಲೆ.
ಸತುವು, ಚೂರು ತಾಮ್ರ, ಅಂಗೈಯಗಲದ ತಗಡು;
ಅದರ ಮೇಲೆ ಬೆಳ್ಳಿಯ ತಂತಿಯಲ್ಲಿ
ಅವರವರಿಗೆ ಬಿಟ್ಟುಕೊಟ್ಟ ಆಕಾಶ.
ಬೀದರಿನಲ್ಲಿ, ಚೌಬಾರಾದ ಹಿಂದಿನ ಓಣಿಯಲ್ಲಿ,
ಅದನ್ನು ಕೆತ್ತುವವಳು ನಾನು, ಮೆಹರಾಜಬೀ.

ತಗಡು ಇದ್ದವರು ವ್ಯಾಪಾರಿಗಳು. ಇಲ್ಲದವರು ಕಳ್ಳರು.
ಮಿಕ್ಕಂತೆ ಇಬ್ಬರ ಹಡಗೂ ಒಂದೇ ನಮೂನೆ,
ಇಬ್ಬರ ಕಣ್ಣಲ್ಲೂ ಅದೇ ನಿದ್ದೆಗೇಡು.

ಕಪ್ಪು ಬರುವುದು ಮಣ್ಣಿನಿಂದ.
ಕೋಟೆಯ ಒಳಮಗ್ಗುಲಿನ ಮಣ್ಣು,
ಮಳೆ ಬಿಸಿಲು ಕಾಣದೆ ನೂರಾರು ವರ್ಷ ಮಲಗಿದ್ದು.
ನಾಲಗೆಗೆ ಹಚ್ಚಿ ನೋಡಬೇಕು:
ಒಗರು ಮೊದಲು, ಆಮೇಲೆ ಉಪ್ಪು,
ಆಮೇಲೆ ಹೆಸರಿಲ್ಲದ ಒಂದು ಚುರುಕು.
ಆ ಚುರುಕನ್ನು ಅಳೆಯುವ ಯಂತ್ರ ಹೊತ್ತು
ರಾಜಧಾನಿಯಿಂದ ಮೂರು ಸಲ ಬಂದರು;
ಮೂರು ಸಲವೂ ಚಹಾ ಕುಡಿದು ಹೋದರು.

ಶಿವಲೀಲಾ ಹಲಬರ್ಗೆ ಮೊದಲ ಸಲ ಬಂದಾಗ
ಅವಳಿಗೆ ಇಪ್ಪತ್ತಾರು, ನನಗೆ ಒಂದು ಹೆಚ್ಚು.
ಗಂಜಿನಲ್ಲಿ ಉದ್ದಿನ ಅಡತಿ ನಡೆಸಿದ ಮನೆತನ,
ತೂಕದ ಕಲ್ಲಿನಂಥ ಮಾತು:
“ಏಳನೇ ಸರಹದ್ದಿನ ಆಚಿಗಿ ಬರಿ, ಆಪಾ.
ಬೆಳ್ಳಿ ಎಷ್ಟು ದೂರ ಸಾಲ್ತದ, ಅಷ್ಟು ದೂರ.”
ಕರಾರನ್ನು ಹಿಂಬದಿಗೆ ಕೆತ್ತಿದೆ, ಎಲ್ಲರಿಗೂ ಕೆತ್ತುವುದೇ:
ನೀನು ಮುಟ್ಟಿದ್ದು ಸಾಮ್ರಾಜ್ಯದ್ದು.
ಹತ್ತರಲ್ಲಿ ಒಂದು ಖಜಾನೆಗೆ.
ಮುಟ್ಟಿದ್ದೆಲ್ಲ ತಗಡಿನ ಮೇಲೆ ಬರಬೇಕು.

ನೌಬಾದಿನ ಏರುಗಟ್ಟೆಯಿಂದ ‘ಮಾಂಜ್ರಾ’ ಎದ್ದಿತು
ಕೆಂಪು ಧೂಳೆಬ್ಬಿಸಿ, ಹಳೆಯ ಸುರಂಗ ಬಾವಿಯ ನೀರು ನಡುಗಿಸಿ.
ಹೊಟ್ಟೆಯಲ್ಲಿ ನಲವತ್ತು ಆಳು, ಕಡಕ್ ರೊಟ್ಟಿ, ಶೇಂಗಾ ಹಿಂಡಿ,
ಸೂಜಿ, ಕನ್ನಡಿ, ಉಪ್ಪು, ತೋಪು.

ಮರಳಿದಾಗ ನನಗೆ ಅರವತ್ತೊಂದು, ಅವಳಿಗೆ ಮೂವತ್ತು.
ಅಲ್ಲಿ ಕಾಲವೂ ಅಡತಿಯವರ ಹಾಗೆ,
ತೂಕದಲ್ಲಿ ಹೊಡೆಯುತ್ತದಂತೆ.
“ಆಪಾ” ಎಂದವಳು ನನ್ನ ತಲೆ ನೋಡಿ ತಡೆದು
“ಅಮ್ಮಾ” ಎಂದಳು.

ಹನ್ನೊಂದು ಚುಕ್ಕಿ ಸೇರಿಸುವುದಿತ್ತು.
ಹತ್ತು ತೋಡಿದೆ, ತಂತಿ ಬಡಿದೆ, ಅರದಲ್ಲಿ ಉಜ್ಜಿದೆ.
ಆ ಹತ್ತರಲ್ಲಿ ಯಾರಿದ್ದರು ಎಂದು ನಾನು ಕೇಳಲಿಲ್ಲ.
ಅವಳು ಹೇಳಲಿಲ್ಲ.
ಬೆಳ್ಳಿ ಹೊಳೆಯಿತು.

ಹನ್ನೊಂದನೆಯದಕ್ಕೆ ಗುಳಿ ತೋಡಿದ್ದಾಗಿತ್ತು,
ತಂತಿ ಕತ್ತರಿಸುವಾಗ ಕೈ ಹಿಡಿದಳು.
“ಇದು ಬ್ಯಾಡ.”
“ಯಾಕ?”
ಬಹಳ ಹೊತ್ತು ಸುಮ್ಮನಿದ್ದಳು.
ಹೊರಗೆ ಚೌಬಾರಾದ ಗಡಿಯಾರ ತಪ್ಪು ಗಂಟೆ ಹೊಡೆಯಿತು.
“ಅಲ್ಲಿ ಇಳಿದಿವಿ. ಯಾರೋ ಬಂದ್ರು.
ಮಾರಿ ಅನ್ನೂದು ಇರಲಿಲ್ಲ ಅವರಿಗಿ.
ನಮ್ಮ ತೋಪು ಸವರಿ ನೋಡಿದ್ರು, ಕೂಸಿನ ಬೆನ್ನು ಸವರಿದಂಗ.
ಆಮ್ಯಾಲ ಒಳಗ ಹೋಗಿ
ಕಾಲಿಗಿ ನೀರು ತಂದಿಟ್ರು.”

ಸೊಂಟದ ಚೀಲದಿಂದ ಹಿಡಿಯಷ್ಟು ಮಣ್ಣು ತೆಗೆದಳು.
“ಇಷ್ಟೇ ತಂದೀನಿ. ಲೆಕ್ಕದಾಗ ಇಲ್ಲ.”
ನಾಲಗೆಗೆ ಹಚ್ಚಿದೆ. ಒಗರು. ಉಪ್ಪು.
ಆಮೇಲಿನದನ್ನು ಹೇಳಲಾರೆ,
ಹೇಳಿದರೆ ಅದೂ ದಾಖಲೆ.

ಸುಂಕದ ಸಾಹೇಬ ಭೂತಗನ್ನಡಿ ಹಿಡಿದು ಬಂದ.
“ಇಲ್ಲಿ ಗುಳಿ ಅದ, ಬೆಳ್ಳಿ ಇಲ್ಲ.”
“ಮುದುಕಿ ಕೈ, ಸಾಹೇಬ್ರ. ಉಳಿ ಜಾರ್ತದ.”
‘ಕೆತ್ತನೆಯ ದೋಷ’ ಎಂದು ಬರೆದುಕೊಂಡ,
ನನ್ನ ಕೂಲಿಯಲ್ಲಿ ಹತ್ತರಲ್ಲೊಂದು ಕಡಿದ.

ಶಿವಲೀಲಾ ಮತ್ತೆ ಹೋಗಿದ್ದಾಳೆ.
ಮರಳುವ ಹೊತ್ತಿಗೆ ನಾನಿರುವುದಿಲ್ಲ,
ಅದು ಇಬ್ಬರಿಗೂ ಗೊತ್ತಿತ್ತು; ಪಾನ್ ತಿಂದೆವು, ಅಷ್ಟೆ.
ಅವಳ ಹಿಡಿ ಮಣ್ಣನ್ನು ಕೋಟೆಯ ಮಣ್ಣಿನ ಡಬ್ಬಿಗೆ ಸುರಿದು
ಕೈಯಾಡಿಸಿದ್ದೇನೆ.
ಈಗೀಗ ಬರುವ ವ್ಯಾಪಾರಿಗಳು
ತಗಡನ್ನು ಬೆಳಕಿಗೆ ಹಿಡಿದು ಕೇಳುತ್ತಾರೆ,
ಕಪ್ಪು ಇಷ್ಟು ಆಳ ಹ್ಯಾಂಗ ಬಂತು ಎಂದು.

ಎಣ್ಣಿ ಜಾಸ್ತಿ ಆಗ್ಯದ, ಅನ್ನುತ್ತೇನೆ.