ನಲವತ್ತೈದು ರೂಪಾಯಿ ಮಾತ್ರ

ಸೊನ್ನೆಗಳೆರಡೂ ಇದ್ದಲ್ಲೇ ಇದ್ದವು.
ನಾನು ಮಾಡಿದ್ದಿಷ್ಟೆ:
ನಾಲ್ಕು ಸಾವಿರದ ಐನೂರರ ಹೊಟ್ಟೆಯೊಳಗೆ
ಒಂದು ಚುಕ್ಕಿ ಇಟ್ಟೆ.
ರಾತ್ರಿ ಎರಡೂವರೆ, ನಿದ್ದೆಗಣ್ಣಿನ ಬೆರಳು,
ದಸರೆಗೆ ಇನ್ನು ಹನ್ನೊಂದು ದಿನ.

ಬೆಳಗಾಗುವಷ್ಟರಲ್ಲಿ
ಧನ್ವಂತರಿ ರಸ್ತೆಯ ನಮ್ಮ ಲಾಡ್ಜು
ಎದುರು ಹೋಟೆಲಿನ ಮಸಾಲೆದೋಸೆಗಿಂತ ಅಗ್ಗವಾಗಿತ್ತು.
ಬಿಸಿನೀರು ಉಂಟು, ಟೀವಿ ಉಂಟು,
ಕಿಟಕಿ ತೆರೆದು ಕುತ್ತಿಗೆ ಉದ್ದ ಮಾಡಿದರೆ
ಅರಮನೆಯ ದೀಪದ ಬೆಳಕೂ ಒಂಚೂರು ಉಂಟು.

ಬುಕಿಂಗ್ ಕಂಪನಿಗೆ ಫೋನ್ ಮಾಡಿದೆ.
ನನ್ನ ಕರೆ ಅವರಿಗೆ ಅಮೂಲ್ಯವಂತೆ,
ಇಪ್ಪತ್ತು ನಿಮಿಷ ಕೊಳಲು ಊದಿದರು.
ಆಮೇಲೆ ಒಬ್ಬ ಹುಡುಗಿ, ಒಳ್ಳೆಯ ದನಿ:
'ರೇಟು ಹಾಕಿದ್ದು ನೀವು, ಮೇಡಂ.
ರದ್ದು ಮಾಡಿದರೆ ದಂಡವೂ ನಿಮ್ಮದೆ.
ನಮ್ಮ ಕಮಿಷನ್ ರೂಮಿಗೆ ಎಂಟು ರೂಪಾಯಿ ಹತ್ತು ಪೈಸೆ,
ಅದನ್ನು ಹಿಡಿದುಕೊಂಡಿದ್ದೇವೆ.'

ಓನರ್ ಮರಿಸ್ವಾಮಪ್ಪನವರು ಕನ್ನಡಕ ಒರೆಸುತ್ತ ಹೇಳಿದರು:
'ಬಂದೋರ್ಗೆ ಟ್ಯಾಂಕ್ ಒಡೆದೋಗದೆ ಅನ್ನು.
ಪೇಂಟು ಹೊಡೀತಾವ್ರೆ ಅನ್ನು. ಏನಾರ ಅನ್ನು.
ಇಲ್ದಿದ್ರೆ ನಿನ್ ಸಂಬಳ ಅದೆಯಲ್ಲ.'

ಬಂದರು.
ಮುಧೋಳದಿಂದ ಹದಿನಾಲ್ಕು ತಾಸಿನ ಬಸ್ಸು,
ಶೇಖರಪ್ಪ ಹಾದಿಮನಿ, ಹೆಂಡತಿ, ನಾದಿನಿ,
ಮೊಣಕಾಲಿಗೆ ಎಣ್ಣೆ ಬಟ್ಟೆ ಕಟ್ಟಿಕೊಂಡ ಅತ್ತೆ,
ನಿಂತಲ್ಲೇ ನಿದ್ದೆಹೋದ ಮೂರು ಮಕ್ಕಳು,
ಪ್ಲಾಸ್ಟಿಕ್ಕಿನೊಳಗೆ ಜೋಪಾನವಾಗಿ ಒಂದು ಹಾಳೆ.
ಮೂರು ರೂಮು. ನೂರಾ ಮೂವತ್ತೈದು ರೂಪಾಯಿ. ಹಣ ಕಟ್ಟಿದೆ.

ಟ್ಯಾಂಕಿನ ಮಾತು ನಾಲಿಗೆ ತುದಿಗೆ ಬಂದಿತ್ತು,
ಅಷ್ಟರಲ್ಲಿ ಆ ಅತ್ತೆ ನೀರು ಕೇಳಿದರು.

'ತಪ್ಪಾಗಿ ಬಿದ್ದ ರೇಟು ಸಾರ್,' ಅಂದೆ.
'ದರ ಬರದವ್ರು ನೀವು. ನಾ ಬರೇ ಓದಿದಾಂವ.'
'ದಸರೆಯಲ್ಲಿ, ಮೈಸೂರಲ್ಲಿ, ನಲವತ್ತೈದಕ್ಕೆ
ರೂಮು ಸಿಗುತ್ತೆ ಅಂತ ನಂಬಿದ್ರಾ ನೀವು?'
'ನಂಬಲಿಲ್ರಿ,' ಅಂದ ಪುಣ್ಯಾತ್ಮ,
'ಅದಕ್ಕ ಲಗೂನ ಒತ್ತಿಬಿಟ್ಟೆ.'

ನನಗೆ ಹೂವಿನ ಸಾಲು ನೆನಪಾಯಿತು.
ಹೋದ ಶುಕ್ರವಾರ, ದೇವರಾಜ ಮಾರ್ಕೆಟ್ಟು.
ನಾನು ಕೊಟ್ಟಿದ್ದು ನೂರು, ಆಕೆ ಚಿಲ್ಲರೆ ಕೊಟ್ಟಿದ್ದು ಇನ್ನೂರಕ್ಕೆ.
ಎಣಿಸದೆ ಪರ್ಸಿಗೆ ಹಾಕಿದೆ.
ಎಣಿಸಿದರೆ ತಿಳಿಯುತ್ತದೆ,
ತಿಳಿದರೆ ವಾಪಸು ಕೊಡಬೇಕಾಗುತ್ತದೆ.
ಅಲ್ಲಿಂದೀಚೆಗೆ ಮಲ್ಲಿಗೆಯನ್ನು ಬೇರೆ ಕಡೆ ಕೊಳ್ಳುತ್ತಿದ್ದೇನೆ.

ಆದರೂ ಕೇಳಿದೆ:
'ಎರಡು ರೂಮಿಗೆ ನೀವೆಲ್ಲ ಹಿಡಿಸ್ತೀರಿ.
ಮೂರನೇದು ಯಾರಿಗೆ?'
ಅವನು ಹೆಂಡತಿಯ ಮುಖ ನೋಡಿದ,
ಹೆಂಡತಿ ಗೋಡೆಯ ಕ್ಯಾಲೆಂಡರು ನೋಡಿದಳು.
'ಬ್ಯಾಗಿಗ್ರಿ,' ಅಂದ. 'ನಲವತ್ತೈದs ಅಲ್ಲ?'

ನಕ್ಕುಬಿಟ್ಟೆ. ನಗಬಾರದಿತ್ತು.
ನಕ್ಕ ಮೇಲೆ ಸುಳ್ಳು ಹೇಳುವುದು ಕಷ್ಟ.

ನೂರಾ ನಾಲ್ಕು, ನೂರಾ ಐದರ ಬೀಗ ಕೊಟ್ಟೆ.
ಬ್ಯಾಗುಗಳು ರಾತ್ರಿಯಿಡೀ ನನ್ನ ಕೌಂಟರಿನ ಕೆಳಗೆ
ರೊಟ್ಟಿ, ಶೇಂಗಾ ಹಿಂಡಿಯ ವಾಸನೆ ಬಿಡುತ್ತ ಮಲಗಿದ್ದವು.
ಕಾಲು ಚಾಚಲು ಜಾಗವಿರಲಿಲ್ಲ.
ಎಂಟು ಸಾವಿರದ ಒಂಬೈನೂರ ಹತ್ತು:
ಐದು ತಿಂಗಳಿಗೆ ಹಂಚಿದರೆ ಎಷ್ಟು,
ಆರಕ್ಕೆ ಹಂಚಿದರೆ ಎಷ್ಟು,
ರಿಜಿಸ್ಟರಿನ ಹಿಂದಿನ ಪುಟದಲ್ಲಿ ಲೆಕ್ಕ ಹಾಕಿದೆ.
ಮೂರನೇ ರೂಮಿನ ನಲವತ್ತೈದು ವಾಪಸು ಕೊಟ್ಟಾಗ
ಅವನು ಎಣಿಸಿಕೊಂಡ.

ಬೆಳಿಗ್ಗೆ ಹೊರಡುವಾಗ ಪಾವತಿ ಬೇಕೆಂದ,
ಒಂದೊಂದು ರೂಮಿಗೆ ಒಂದೊಂದು.
'ಊರಾಗ ಯಾರೂ ನಂಬೂದಿಲ್ರಿ.'
ಕರದಂಟಿನ ಡಬ್ಬಿ ಕೌಂಟರಿನ ಮೇಲಿಟ್ಟ,
ಅರ್ಧ ಖಾಲಿ.

ಬರೆದೆ, ಅಂಕಿಯಲ್ಲಿ, ಆಮೇಲೆ ಅಕ್ಷರದಲ್ಲಿ:
ನಲವತ್ತೈದು ರೂಪಾಯಿ ಮಾತ್ರ.
ಆ 'ಮಾತ್ರ' ಬಿಡಬಾರದೆಂದು ಕಲಿಸಿದವರು
ಹಳೆಯ ಗುಮಾಸ್ತ ಜವರಪ್ಪನವರು.
ಮುಂದೆ ಯಾರೂ ಏನೂ ಸೇರಿಸದ ಹಾಗೆ
ಅದು ಅಗುಳಿಯಮ್ಮ, ಅನ್ನುತ್ತಿದ್ದರು.
ನಡುವೆ ನುಸುಳುವ ಚುಕ್ಕಿಗೆ
ಅಗುಳಿ ಯಾವುದೆಂದು ನಾನು ಕೇಳಿರಲಿಲ್ಲ.
ಅವರು ರಿಟೈರಾಗಿ ನಾಲ್ಕು ವರ್ಷ.